ದಿನ ತುಂಬದ ಮಗುವಿಗೆ ಮಸಾಜ್ ಮಾಡಬಹುದೇ?

ಒಂದೂವರೆ ಕೆ.ಜಿ.ಯೂ ತೂಗದ ಮಗು. ಎದೆಗೆ ಅಂಟಿಸಿದ ವೈರುಗಳು, ಮೂಗಿನಲ್ಲಿ ಹಾಲಿನ ನಳಿಕೆ. ಅದನ್ನು ಮುಟ್ಟಲು ಹೆತ್ತವರಿಗೇ ಭಯ. ಇತ್ತ ಮನೆಯ ಹಿರಿಯರು, ‘ಎಣ್ಣೆ ಹಚ್ಚಿ ಚೆನ್ನಾಗಿ ತಿಕ್ಕಿದರೆ ಮಗು ಬೇಗ ಮೈ ತುಂಬಿಕೊಳ್ಳುತ್ತದೆ’ ಎನ್ನುತ್ತಾರೆ. ಯಾವುದು ಸರಿ? ನೋಡೋಣ.

ಅಧ್ಯಯನಗಳು ಏನು ಹೇಳುತ್ತವೆ?

37 ವಾರ ತುಂಬುವ ಮೊದಲೇ ಹುಟ್ಟಿದ ಮಗುವನ್ನು ಅವಧಿಪೂರ್ವ ಶಿಶು ಎನ್ನುತ್ತೇವೆ. 1986ರಲ್ಲಿ ಅಮೆರಿಕದ ಮಯಾಮಿಯಲ್ಲಿ ಮನೋವಿಜ್ಞಾನಿ ಟಿಫನಿ ಫೀಲ್ಡ್ ಮತ್ತು ಸಂಗಡಿಗರು ಇಂಥ 40 ಶಿಶುಗಳ ಅಧ್ಯಯನವನ್ನು ಪ್ರಕಟಿಸಿದರು. ಅರ್ಧದಷ್ಟು ಶಿಶುಗಳಿಗೆ ದಿನಕ್ಕೆ ಮೂರು ಸಲ, ಪ್ರತಿ ಸಲ 15 ನಿಮಿಷದಂತೆ 10 ದಿನ ಮೈ ನೀವಿ, ಕೈಕಾಲುಗಳನ್ನು ಮೆಲ್ಲಗೆ ಮಡಿಸಿ ಬಿಡಿಸಲಾಯಿತು. ಉಳಿದ ಶಿಶುಗಳಿಗಿಂತ ಇವುಗಳ ತೂಕ ದಿನಕ್ಕೆ ಶೇ. 47ರಷ್ಟು ಹೆಚ್ಚು ಏರಿತು. ಸುಮಾರು ಆರು ದಿನ ಮೊದಲೇ ಮನೆಗೂ ಹೋದವು. ವಿಶೇಷವೆಂದರೆ, ಇವು ಹೆಚ್ಚು ಹಾಲನ್ನೇನೂ ಕುಡಿದಿರಲಿಲ್ಲ.

ಚರ್ಮದ ಮೇಲೆ ಬೀಳುವ ಹದವಾದ ಒತ್ತಡ ವೇಗಸ್ ನರವನ್ನು ಚುರುಕುಗೊಳಿಸುತ್ತದೆ. ಇದರಿಂದ ಹೊಟ್ಟೆಯ ಚಲನೆ ಹೆಚ್ಚಿ, ಕುಡಿದ ಹಾಲು ಮೈಗೆ ಹತ್ತುತ್ತದೆ ಎಂಬುದು ಸಂಶೋಧಕರ ವಿವರಣೆ.

ಆದರೆ ಇದನ್ನೇ ಪವಾಡ ಎನ್ನುವಂತಿಲ್ಲ. ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ 2004ರ ಕಾಕ್ರೇನ್ ವರದಿ ಕಂಡ ಲಾಭ ದಿನಕ್ಕೆ ಸುಮಾರು 5 ಗ್ರಾಂ ಹೆಚ್ಚುವರಿ ತೂಕ. ಆ ಅಧ್ಯಯನಗಳ ಗುಣಮಟ್ಟದ ಬಗ್ಗೆಯೂ ಅದು ಸಂದೇಹ ವ್ಯಕ್ತಪಡಿಸಿತು.

ಯಾವಾಗ, ಹೇಗೆ?

ಮಯಾಮಿಯ ಶಿಶುಗಳು ತೀವ್ರ ನಿಗಾ ಘಟಕದಿಂದ ಆಗಲೇ ಹೊರಬಂದಿದ್ದವು ಎಂಬುದನ್ನು ನಾವು ಮರೆಯಬಾರದು. ಉಸಿರಾಟ, ಹೃದಯ ಬಡಿತ ಸ್ಥಿರವಾದ ಮೇಲೆ, ವೈದ್ಯರು ಒಪ್ಪಿದರೆ ಮಾತ್ರ ಮಸಾಜ್. ನರ್ಸ್ ಹತ್ತಿರ ಕಲಿತು, ಕೈ ತೊಳೆದು, ಬೆಚ್ಚಗಿನ ಅಂಗೈಯಿಂದ ನಿಧಾನವಾಗಿ ನೀವಬೇಕು. ತೀರಾ ಹಗುರವಾಗಿ ಸವರಿದರೆ ಕಚಗುಳಿಯಂತಾಗಿ ಮಗುವಿಗೆ ಕಿರಿಕಿರಿ. ಗಟ್ಟಿಯಾಗಿ ತಿಕ್ಕಿದರೆ ಎಳೆಯ ಚರ್ಮಕ್ಕೆ ಪೆಟ್ಟು. ಹಾಲು ಕುಡಿದ ಕೂಡಲೇ ಬೇಡ. ಮನೆಯಿಂದ ಎಣ್ಣೆ ತರುವ ಮುನ್ನ ವೈದ್ಯರನ್ನು ಕೇಳಿ. ಮಗುವಿನ ಬಣ್ಣ ಬದಲಾದರೆ ಅಥವಾ ಉಸಿರು ತಡೆದರೆ ತಕ್ಷಣ ನಿಲ್ಲಿಸಿ ನರ್ಸ್‌ಗೆ ತಿಳಿಸಿ.

ಮಸಾಜ್‌ಗೆ ಇನ್ನೂ ಕಾಲ ಬಂದಿಲ್ಲವೇ? ಮಗುವನ್ನು ಬರಿ ಎದೆಗೆ ಅಪ್ಪಿಕೊಳ್ಳುವ ಕಾಂಗರೂ ಆರೈಕೆಯ ಬಗ್ಗೆ ವಿಚಾರಿಸಿ. ಇದನ್ನು ದಿನಕ್ಕೆ 8ರಿಂದ 24 ಗಂಟೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಶಿಫಾರಸು ಮಾಡಿದೆ. ಅಪ್ಪನೂ ಮಾಡಬಹುದು.

ಹಾಗಾಗಿ ಮುಟ್ಟಲು ಹೆದರಬೇಕಿಲ್ಲ, ತಿಕ್ಕಲು ಅವಸರಪಡಲೂಬೇಡಿ.