ಕೈಗೆಲಸದ ಪಾಠವೂ ಅದರ ಪರೀಕ್ಷೆಯೂ

ಕಬ್ಬಿಣದ ತುಂಡನ್ನು ಅರದಿಂದ ಉಜ್ಜಿ ಮಟ್ಟಸ ಮಾಡುವುದನ್ನು ತರಗತಿಯಲ್ಲಿ ಕಲಿಸಬಹುದೆ? ಕಲಿಸಿದರೆ, ಕಲಿತವನಿಗೆ ನೂರಕ್ಕೆ ಎಷ್ಟು ಅಂಕಗಳೆಂದು ನಿರ್ಣಯಿಸುವುದು ಹೇಗೆ? ಶ್ಲೋಕವನ್ನೋ ರೇಖಾಗಣಿತದ ಪ್ರಮೇಯವನ್ನೋ ಒಪ್ಪಿಸುವ ಹುಡುಗನನ್ನು ಅಳೆಯುವ ಕೋಲು ನಮ್ಮಂಥ ಉಪಾಧ್ಯಾಯರ ಕೈಯಲ್ಲಿ ಬಹುಕಾಲದಿಂದಲೂ ಇದೆ. ಬಡಗಿಯ ಶಿಷ್ಯನನ್ನು ಅಳೆಯುವ ಕೋಲು ಯಾವುದೆಂಬ ಪ್ರಶ್ನೆಗೆ ಯೂರೋಪಿನಲ್ಲಿ ಬಂದ ಉತ್ತರಗಳನ್ನು ಸ್ವಲ್ಪ ವಿಚಾರಿಸೋಣ.

ಇಂಗ್ಲೆಂಡಿನ ಹಳೆಯ ಉತ್ತರ ಬಹು ಸುಲಭವಾದುದು. 1563ರಲ್ಲಿ ಅಲ್ಲಿ ಮಾಡಿದ ಶಾಸನದ ಪ್ರಕಾರ, ಕಸುಬನ್ನು ಕೈಗೊಳ್ಳಬೇಕಾದವನು ಏಳು ವರ್ಷ ಯಜಮಾನನ ಕೆಳಗೆ ಉಮೇದುವಾರನಾಗಿ ಇರತಕ್ಕದ್ದು. ಶಾಸನ ಎಣಿಸುತ್ತಿದ್ದುದು ವರ್ಷಗಳನ್ನು, ಕೈಯ ಕೌಶಲವನ್ನಲ್ಲ. ಈ ಕಟ್ಟಳೆ 1814ರಲ್ಲಿ ರದ್ದಾಯಿತು. ಯೂರೋಪಿನ ಭೂಖಂಡದಲ್ಲಿ ಇದಕ್ಕಿಂತ ಮೇಲಾದ ಪದ್ಧತಿಯೊಂದಿತ್ತು. ಕಲಿತವನು ತನ್ನ ಕೈಯಿಂದ ಒಂದು ಉತ್ತಮ ವಸ್ತುವನ್ನು ಮಾಡಿ ಶ್ರೇಣಿಯ ಹಿರಿಯರ ಮುಂದಿಡಬೇಕು. ಅವರು ಒಪ್ಪಿದರೆ ಅವನೂ ಯಜಮಾನ. ಇದು ನಿಜವಾದ ಪರೀಕ್ಷೆಯೇ ಸರಿ. ಆದರೆ ಪರೀಕ್ಷಕರು ಯಾರು? ಅದೇ ಬೀದಿಯಲ್ಲಿ ಅದೇ ವ್ಯಾಪಾರ ಮಾಡುವವರು! ಹೊಸ ಯಜಮಾನನೆಂದರೆ ಅವರಿಗೆ ಹೊಸ ಎದುರಾಳಿ. ಆದುದರಿಂದ ಬರಬರುತ್ತ ಪರೀಕ್ಷೆಯ ವಸ್ತು ದುಬಾರಿಯಾಯಿತು, ತಿಂಗಳುಗಟ್ಟಲೆಯ ಕೆಲಸವಾಯಿತು. ಯಜಮಾನರ ಸ್ವಂತ ಮಕ್ಕಳಿಗೆ ಮಾತ್ರ ಅನೇಕ ಕಡೆ ರಿಯಾಯಿತಿ ದೊರೆಯಿತು. ಫ್ರಾನ್ಸಿನಲ್ಲಿ 1791ರಲ್ಲಿ ಶ್ರೇಣಿಗಳನ್ನೇ ಎತ್ತಿಹಾಕಿದಾಗ ಈ ಪದ್ಧತಿಗಾಗಿ ಅತ್ತವರು ಹೆಚ್ಚು ಜನರಿರಲಾರರು.

ಇನ್ನು ಪಾಠದ ಕ್ರಮ. ಅದು ಎಲ್ಲ ಕಡೆಯೂ ಒಂದೇ: ನೋಡು, ಮಾಡು. ಸಾಗರ ಸೊರಬಗಳ ಗುಡಿಗಾರರ ಮನೆಯ ಹುಡುಗ ಗಂಧದ ಕೊರಡಿನ ಪಕ್ಕದಲ್ಲಿ ತಂದೆಯ ಉಳಿ ಹೋಗುವ ದಾರಿಯನ್ನು ನೋಡುತ್ತ ಬೆಳೆದಂತೆ. ಶಿಷ್ಯರು ಒಬ್ಬಿಬ್ಬರಿದ್ದಾಗ ಇದನ್ನು ಮೀರಿಸುವ ಕ್ರಮವಿಲ್ಲವೆಂದೇ ನಮ್ಮ ಅಭಿಪ್ರಾಯ. ಆದರೆ ಉಗಿಯಂತ್ರವೂ ರೈಲೂ ಬಂದು, ಕುಶಲಿಗಳು ನೂರಾರು ಮಂದಿ ಬೇಕಾದಾಗ, ಒಬ್ಬ ಮೇಸ್ತ್ರಿಯ ಪಕ್ಕದಲ್ಲಿ ಎಷ್ಟು ಜನ ನಿಂತಾರು?

ಈ ತೊಡಕನ್ನು ಬಿಡಿಸಿದವರು ರಷ್ಯದವರು. ಮಾಸ್ಕೋವಿನ ಅನಾಥಾಲಯಕ್ಕೆ ಸೇರಿದ್ದ ಒಂದು ಕಸುಬಿನ ಶಾಲೆ 1868ರಲ್ಲಿ ಸಾಮ್ರಾಜ್ಯದ ತಾಂತ್ರಿಕ ವಿದ್ಯಾಶಾಲೆಯಾಗಿ ಮಾರ್ಪಟ್ಟಿತು. ಅದರ ನಿರ್ದೇಶಕ ವಿಕ್ಟರ್ ಡೆಲ್ಲಾ-ವೋಸ್. ಶಾಲೆಗೆ ಸೇರಿದ ಕಾರ್ಖಾನೆಯಲ್ಲಿ ಕೂಲಿಯ ಕೆಲಸಗಾರರು ಹೊರಗಿನವರ ಬೇಡಿಕೆಯಂತೆ ಯಂತ್ರಗಳನ್ನು ತಯಾರಿಸುತ್ತಿದ್ದರು. ಅನನುಭವಿ ಹುಡುಗನನ್ನು ನೇರವಾಗಿ ಅಂಥ ಕಡೆಗೆ ಬಿಟ್ಟರೆ ಆಗುವುದೇನು? ಗಿರಾಕಿಗೆ ವಾಯಿದೆಯ ಚಿಂತೆ, ಕೆಲಸಗಾರನಿಗೆ ಕೂಲಿಯ ಚಿಂತೆ. ಹುಡುಗನ ಚಿಂತೆ ಯಾರಿಗೂ ಇಲ್ಲ. ಡೆಲ್ಲಾ-ವೋಸ್ ಪಾಠದ ಕಾರ್ಯಾಗಾರವನ್ನು ತಯಾರಿಕೆಯ ಕಾರ್ಯಾಗಾರದಿಂದ ಬೇರ್ಪಡಿಸಿದನು. ಮರಗೆಲಸ, ಕಡೆಯುವ ಕೆಲಸ, ಕುಲುಮೆ, ಅರದ ಕೆಲಸ, ಒಂದೊಂದಕ್ಕೂ ಬೇರೆ ಬೇರೆ ಶಾಲೆ; ಎಷ್ಟು ವಿದ್ಯಾರ್ಥಿಗಳೋ ಅಷ್ಟು ಸ್ಥಳ, ಅಷ್ಟು ಜೊತೆ ಹತ್ಯಾರು. ಮೊದಲನೆಯದನ್ನು ಪಳಗಿಸಿಕೊಂಡವನೇ ಯಂತ್ರ ತಯಾರಿಸುವ ಎರಡನೆಯದಕ್ಕೆ ಅರ್ಹ.

ಚಿತ್ರವನ್ನಾಗಲಿ ಸಂಗೀತವನ್ನಾಗಲಿ ಸುಲಭದಿಂದ ಕಠಿಣಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಕಲಿಸುತ್ತಾರೆ. ಸುತ್ತಿಗೆಗೆ ಮಾತ್ರ ಆ ಕ್ರಮವೇಕಿಲ್ಲ ಎಂಬುದು ಅವನ ವಾದ. ನಮ್ಮ ಶ್ರೋತೃಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸರಳೆ, ಜಂಟಿವರಸೆ, ಅಲಂಕಾರ, ಗೀತೆ, ವರ್ಣ ಎಂಬ ಮೆಟ್ಟಿಲುಗಳನ್ನು ಹತ್ತದೆ ಕೃತಿಗೆ ಕೈಹಾಕುವವನನ್ನು ನಾವು ಶಿಷ್ಯನೆನ್ನುವುದಿಲ್ಲವಷ್ಟೆ. ಹಾಗೆಯೇ ಕೈಗೆಲಸವನ್ನು ಬಿಡಿಸಿ ಅದರ ಸರಳೆಗಳನ್ನು ಹುಡುಕಿ, ಒಂದೊಂದಕ್ಕೂ ಒಂದು ಮಾದರಿಯನ್ನು ಗೊತ್ತುಮಾಡಿದರು. ಮಾದರಿಯನ್ನು ನೋಡಿ ನಕಲು ಮಾಡುವಂತಿಲ್ಲ; ಅಳತೆಯ ನಕ್ಷೆಯನ್ನು ವಿದ್ಯಾರ್ಥಿಯೇ ಬರೆದು, ಆ ನಕ್ಷೆಯಂತೆ ಮಾಡಬೇಕು. ಹಿಂದಿನದು ಒಪ್ಪಿತವಾಗುವ ತನಕ ಮುಂದಿನದು ಇಲ್ಲ.

ಅಂಕಗಳ ವಿಷಯದಲ್ಲಿ ಅವನ ಸೂಕ್ಷ್ಮತೆ ನಮಗೆ ಎಲ್ಲಕ್ಕಿಂತ ಹಿಡಿಸಿದೆ. ಪ್ರಾರಂಭದ ವಸ್ತುಗಳ ಅಳತೆ ಸುಮಾರಾಗಿ ಸರಿಯಿದ್ದರೆ ಸಾಕು, ಒಪ್ಪಿಕೊಳ್ಳುವರು. ಮುಂದಿನವುಗಳ ಅಳತೆ ಕರಾರುವಾಕ್ಕಾಗಿರಬೇಕು. ಆದಕಾರಣ ಮೊದಲ ತಿಂಗಳ ನಾಲ್ಕು ಅಂಕವೂ ಕೊನೆಯ ತಿಂಗಳ ನಾಲ್ಕು ಅಂಕವೂ ಒಂದೇ ಅಲ್ಲ: ಅಂಕ ಹೇಳುವುದು ವಸ್ತುವಿನ ಬೆಲೆಯನ್ನಲ್ಲ, ಆ ಮೆಟ್ಟಿಲಿನಲ್ಲಿ ಕೇಳಿದ್ದಕ್ಕೆ ಅವನು ಎಷ್ಟು ಸಂದನೆಂಬುದನ್ನು. ಯಾವ ದಿನ ಬೇಕಾದರೂ ಯಾವ ವಿದ್ಯಾರ್ಥಿ ಎಲ್ಲಿದ್ದಾನೆಂದು ಉಪಾಧ್ಯಾಯನು ಹೇಳಬಲ್ಲನು. ವರ್ಷಾಂತ್ಯದ ಮೂರು ಗಂಟೆಗಳ ಮೇಲೆ ಒಬ್ಬನ ಭವಿಷ್ಯವನ್ನು ತೂಗುಹಾಕಬೇಕಾಗಿಲ್ಲ. ಇನ್ನೊಂದು ಕಟ್ಟಳೆಯೂ ಉಂಟು. ಉಪಾಧ್ಯಾಯನಿಗೆ ಪಾಠಕ್ಕೆ ಬೇಕಾದುದಕ್ಕಿಂತ ಹೆಚ್ಚು ತಿಳಿದಿರಬೇಕು, ಮತ್ತು ಶಿಷ್ಯರು ನೋಡಿ ಕಲಿಯುವಂತೆ ಅವನು ತನ್ನ ಕೈಯ ಅಭ್ಯಾಸವನ್ನು ಎಂದೂ ಬಿಡಕೂಡದು. ಕಾಲೇಜಿನ ನಾವು ಈ ಮಾತನ್ನು ಕೇಳಿ ಸ್ವಲ್ಪ ಮುಜುಗರಪಟ್ಟರೆ ತಪ್ಪಿಲ್ಲ. ತಮ್ಮ ಪ್ರಬಂಧವೊಂದನ್ನು ತರಗತಿಯೆದುರು ಬರೆದು ತೋರಿಸಿದ ಸಾಹಿತ್ಯದ ಅಧ್ಯಾಪಕರು ಎಷ್ಟು ಮಂದಿ?

1876ರಲ್ಲಿ ಅಮೆರಿಕದ ಫಿಲಡೆಲ್ಫಿಯದಲ್ಲಿ ನಡೆದ ಶತಮಾನೋತ್ಸವದ ಪ್ರದರ್ಶನಕ್ಕೆ ಈ ಮಾದರಿಗಳು ಹೋದವು. ಜನ ದೈತ್ಯಾಕಾರದ ಉಗಿಯಂತ್ರವನ್ನು ನೋಡಲು ಮುಗಿಬಿದ್ದಿದ್ದರು. ಬೋಸ್ಟನ್ನಿನಲ್ಲಿದ್ದ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯ ಅಧ್ಯಕ್ಷ ಜಾನ್ ರಂಕಲ್‌ನ ಕಣ್ಣು ಮಾತ್ರ ಮಾಸ್ಕೋವಿನ ಮರದ ಕೀಲುಗಳ ಮೇಲೂ ಕಬ್ಬಿಣದ ತುಂಡುಗಳ ಮೇಲೂ ನೆಟ್ಟಿತು. ತಾನು ತಡಕಾಡುತ್ತಿದ್ದ ಕೀಲಿಕೈ ಅವನಿಗೆ ಅಲ್ಲಿ ದೊರೆಯಿತು. ಅದೇ ವರ್ಷ ಅವನ ಸಂಸ್ಥೆ ಈ ಮೇಲ್ಪಂಕ್ತಿಯ ಕಾರ್ಯಾಗಾರಗಳನ್ನು ತೆರೆಯಲು ನಿರ್ಧರಿಸಿತು. ಸೇಂಟ್ ಲೂಯಿಯಲ್ಲಿ ಕ್ಯಾಲ್ವಿನ್ ವುಡ್‌ವರ್ಡನು 1880ರಲ್ಲಿ ಹುಡುಗರ ಶಾಲೆಯೊಂದನ್ನು ನಡೆಸತೊಡಗಿ, ದಿನದ ಹೊತ್ತನ್ನು ಪುಸ್ತಕಕ್ಕೂ ಹತ್ಯಾರಿಗೂ ಸರಿಸಮನಾಗಿ ಹಂಚಿದನು. ಅವನಿಗೆ ಬೇಕಾಗಿದ್ದುದು ಬಡಗಿಗಳಲ್ಲ, ಕೈಯೂ ಬುದ್ಧಿಯೂ ಕೂಡಿ ಬೆಳೆದ ಹುಡುಗರು.

ಆಕ್ಷೇಪ ಹುಟ್ಟದಿರಲಿಲ್ಲ. ಮಾಸ್ಕೋವಿನ ಹುಡುಗ ಎರಡು ಮರಗಳನ್ನು ಅಂದವಾಗಿ ಕೂಡಿಸುತ್ತಾನೆ. ಪರೀಕ್ಷೆಯಾದ ಮೇಲೆ ಅದು ಒಲೆಗೆ. ಯಾರೂ ಕೂರದ, ಯಾರೂ ಉಣ್ಣದ ವಸ್ತುವನ್ನು ವರ್ಷಾನುಗಟ್ಟಲೆ ಮಾಡುವವನಿಗೆ ಕೆಲಸದಲ್ಲಿ ಪ್ರೀತಿ ಹುಟ್ಟೀತೆ? ಸ್ವೀಡನ್ನಿನ ನೇಸ್ ಎಂಬಲ್ಲಿ ಓಟೋ ಸಾಲೋಮನ್ ಉಪಾಧ್ಯಾಯರಿಗೆ ಕಲಿಸಿದ ಸ್ಲಾಯ್ಡ್ ಪದ್ಧತಿಯಲ್ಲಿಯೂ ಮೆಟ್ಟಿಲುಗಳಿದ್ದವು. ಆದರೆ ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ಮಗು ಮನೆಗೆ ಒಯ್ಯಬಹುದಾದ ಸೌಟೋ ಗೂಟವೋ ಒಂದು ಪೂರ್ಣ ವಸ್ತು ತಯಾರಾಗುತ್ತಿತ್ತು. ಅದಕ್ಕೆ ಮೊದಲ ಪರೀಕ್ಷಕಳು ತಾಯಿ. ಎಳೆಯ ಮಕ್ಕಳಿಗೆ ಸಾಲೋಮನ್ನನ ದಾರಿಯೇ ಮೇಲೆಂದು ನಮಗೆ ತೋರುತ್ತದೆ. ನಾಳೆ ರೈಲ್ವೆ ಎಂಜಿನ್ನಿನ ಕವಾಟವನ್ನು ಕೂರಿಸಬೇಕಾದ ಇಪ್ಪತ್ತು ವರ್ಷದ ಯುವಕನಿಗೆ ಡೆಲ್ಲಾ-ವೋಸನ ಗಡುಸಾದ ಅಳತೆಪಟ್ಟಿಯನ್ನು ತಪ್ಪಿಸಲಾಗದು.

ಆ ಮೇಲೆ ಗುಸ್ಟಾಫ್ ಲಾರ್ಸನ್ ಎಂಬ ಸ್ವೀಡನ್ನಿನವನು ಬೋಸ್ಟನ್ನಿಗೆ ಬಂದು ಸ್ಲಾಯ್ಡ್ ಶಿಕ್ಷಕರ ಶಾಲೆಯನ್ನು ನಡೆಸಿದನು. ರಷ್ಯದ ಕೀಲೂ ಸ್ವೀಡನ್ನಿನ ಸೌಟೂ ಹೀಗೆ ಒಂದೇ ಊರಿನಲ್ಲಿ ನೆರೆಹೊರೆಯಾದವು.