ಮೊಳೆಯಲ್ಲಿದ್ದ ಬೀಗದಕೈ

ಮಲ್ಲೇಶ್ವರದ ನನ್ನ ಮಗಳ ಮನೆಯಲ್ಲಿ ಹದಿನೈದು ದಿನಗಳಿಂದ ಒಂದು ವಾದ ನಡೆದಿದೆ. ಮೊಮ್ಮಗಳಿಗೆ ಹದಿನೆಂಟು ತುಂಬಿ ಎಲ್ಎಲ್ಆರ್ ಕೈಗೆ ಬಂದಿದೆ. ಅವಳ ಮೊದಲ ಕಾರಿಗೆ ಗೇರು ಇರಬೇಕೋ ಬೇಡವೋ? "ಗೇರು ಹಾಕೋಕೆ ಬರದವರು ಡ್ರೈವಿಂಗ್ ಬರುತ್ತೆ ಅನ್ನಬಾರದು" ಎನ್ನುತ್ತಾರೆ ಅಳಿಯಂದಿರು. "ಸಂಜೆ ಹೊತ್ತು ಸಂಪಿಗೆ ರಸ್ತೇಲಿ ಎಷ್ಟು ಸಲ ಕ್ಲಚ್ ತುಳೀಬೇಕು ಅಂತ ಎಣಿಸಿ ನೋಡಪ್ಪಾ" ಎನ್ನುತ್ತಾಳೆ ಹುಡುಗಿ. ಕೊನೆಗೆ ಇಬ್ಬರೂ ನನ್ನ ಕಡೆ ತಿರುಗಿದರು. ನನಗೆ ತಕ್ಷಣ ಉತ್ತರ ಹೇಳಲಾಗಲಿಲ್ಲ. 1981ರ ಒಂದು ರಾತ್ರಿ ನೆನಪಾಯಿತು.

ಆಗ ಬಸವನಗುಡಿಯ ನಮ್ಮ ಮನೆಯ ಕಾಂಪೌಂಡಿನಲ್ಲಿ ಒಂದು ಫಿಯಟ್ ಇತ್ತು. ಅದರ ಗೇರು ಸ್ಟೀರಿಂಗಿನ ಪಕ್ಕದಲ್ಲೇ ಕೋಲಿನ ಹಾಗೆ ಚಾಚಿಕೊಂಡಿರುತ್ತಿತ್ತು. ಭಾನುವಾರ ಬೆಳಗ್ಗೆ ಅಪ್ಪ ಅಣ್ಣನಿಗೆ ಕಾರು ಕಲಿಸುತ್ತಿದ್ದರು. ನಾನು ಹಿಂದಿನ ಸೀಟಿನಲ್ಲಿ. ನನಗೂ ಕಲಿಸಿ ಎಂದರೆ, "ಗೇರಿನ ಗಾಡಿ ಹೆಣ್ಣುಮಕ್ಕಳ ಕೈಗೆ ಒಗ್ಗಲ್ಲಮ್ಮ" ಎಂದು ನಗುತ್ತಿದ್ದರು. ಅಣ್ಣ ಊರಲ್ಲಿಲ್ಲದ ಒಂದು ರಾತ್ರಿ ಅವರಿಗೆ ಎದೆನೋವು ಬಂತು. ಕಾರು ಅಂಗಳದಲ್ಲಿತ್ತು, ಬೀಗದಕೈ ಗೋಡೆಯ ಮೊಳೆಯಲ್ಲಿತ್ತು. ನಾನು ಬರಿಗಾಲಲ್ಲಿ ಗಾಂಧಿಬಜಾರಿನವರೆಗೆ ಓಡಿ ಆಟೋ ತಂದೆ. ಅಪ್ಪ ಉಳಿದರು. ಆದರೆ ಆ ಮೊಳೆಯನ್ನು ನೋಡಿದಾಗಲೆಲ್ಲ ನನಗೆ ಕಾಲು ನಡುಗುತ್ತಿತ್ತು.

ಗೇರು ನಿಜಕ್ಕೂ ಹೆಂಗಸರಿಗೆ ಒಗ್ಗದ ವಸ್ತುವೇ? ಮೋಟಾರು ಗಾಡಿಯ ಚರಿತ್ರೆ ಬೇರೆಯೇ ಹೇಳುತ್ತದೆ. 1888ರ ಆಗಸ್ಟಿನಲ್ಲಿ ಜರ್ಮನಿಯ ಬೆರ್ಥಾ ಬೆಂಜ್ ಎಂಬಾಕೆ, ಗಂಡ ಕಾರ್ಲ್ ಬೆಂಜ್ ತಯಾರಿಸಿದ್ದ ಮೂರು ಚಕ್ರದ ಗಾಡಿಯನ್ನು ಅವರಿಗೆ ಹೇಳದೆಯೇ ಹೊರಡಿಸಿಕೊಂಡು, ಹದಿಹರೆಯದ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಮನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತನ್ನ ತವರಿಗೆ ಹೋದಳು. ಸುಮಾರು 100 ಕಿಲೋಮೀಟರು ದಾರಿ. ದಿಣ್ಣೆ ಬಂದಾಗ ಗಾಡಿ ಏರದೆ ಮಕ್ಕಳು ಇಳಿದು ತಳ್ಳಬೇಕಾಯಿತು. ಆ ಪ್ರಯಾಣದ ಅನುಭವದ ಮೇಲೆಯೇ ಬೆಂಜ್ ಗಾಡಿಗೆ ಏರು ಹತ್ತಲು ಇನ್ನೊಂದು ಗೇರು ಸೇರಿತು. ನಮಗೆ ಒಗ್ಗದು ಎಂದ ಗೇರಿನ ಹಿಂದೆ ತವರಿಗೆ ಹೊರಟ ಒಬ್ಬ ತಾಯಿ ಇದ್ದಾಳೆ!

ಹಾಗೆಂದು ಹಳೆಯ ಕಾರುಗಳ ಗೇರು ಸುಲಭವಾಗಿತ್ತೆಂದಲ್ಲ. ಹಲ್ಲಿಗೆ ಹಲ್ಲು ಸರಿಯಾಗಿ ಕೂರದಿದ್ದರೆ ಕರಕರ ಸದ್ದು. ಕ್ಲಚ್ಚನ್ನು ಎರಡೆರಡು ಸಲ ತುಳಿಯಬೇಕು. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಂಪನಿ, ಹಲ್ಲುಗಳ ವೇಗವನ್ನು ಮೊದಲು ಸರಿಹೊಂದಿಸಿ ಆಮೇಲೆ ಕೂಡಿಸುವ ವ್ಯವಸ್ಥೆ ತಂದಿತು. 1939ರಲ್ಲಿ ಓಲ್ಡ್ಸ್‌ಮೊಬೈಲ್ ಕಂಪನಿ, ಕ್ಲಚ್ ಪೆಡಲೇ ಇಲ್ಲದ, ಗೇರು ತಾನೇ ಬದಲಾಗುವ ಕಾರನ್ನು ಪರಿಚಯಿಸಿತು. ನಮಗೆ ಮಾತ್ರ ದಶಕಗಟ್ಟಲೆ ಅಂಬಾಸಿಡರ್, ಫಿಯಟ್‌ಗಳೇ ಗತಿ. 1983ರಲ್ಲಿ ಬಂದ ಮಾರುತಿ 800 ಹಗುರಾಗಿತ್ತು. ಆದರೂ ಗೇರು ಕೈಯಲ್ಲೇ ಹಾಕಬೇಕಿತ್ತು.

ನನ್ನಂಥವರಿಗೆ ದಾರಿ ತೆರೆದದ್ದು 1984ರ ಕೈನೆಟಿಕ್ ಹೋಂಡಾ. ಓರೆ ಮಾಡಿ ಒದೆಯುವ ಕಷ್ಟವಿಲ್ಲ, ಗೇರಿಲ್ಲ; ಗುಂಡಿ ಒತ್ತಿದರೆ ಹೊರಟಿತು. ಸೀರೆಯ ನೆರಿಗೆ ಸಿಕ್ಕಿಸಿಕೊಂಡು ನಾನು ಅದರಲ್ಲೇ ಚಾಮರಾಜಪೇಟೆಯ ಕೆಲಸಕ್ಕೆ ಹೋಗಿಬಂದೆ. ಯಾರ ಅಪ್ಪಣೆಗೂ ಕಾಯದೆ ಆಸ್ಪತ್ರೆಗೆ, ಅಂಗಡಿಗೆ, ಅಮ್ಮನ ಮನೆಗೆ ಹೋದೆ. 1988ರ ಮೋಟಾರು ವಾಹನ ಕಾಯಿದೆ ಕೂಡ ಗೇರಿಲ್ಲದ ಮೋಟಾರ್ ಸೈಕಲನ್ನು ಹದಿನಾರಕ್ಕೇ ಓಡಿಸಬಹುದೆಂದಿತ್ತು. 1994ರ ತಿದ್ದುಪಡಿ ಅದನ್ನು 50 ಸಿಸಿ ಮೀರದ ಗಾಡಿ ಎಂದು ಬದಲಿಸಿತು. ಕಾರಿಗೆ ಮಾತ್ರ ಗೇರಿರಲಿ ಬಿಡಲಿ, ಹದಿನೆಂಟೇ. ಆದರೆ ಆ ಸ್ಕೂಟರಿಗೆ 'ಲೇಡೀಸ್ ಗಾಡಿ' ಎಂಬ ಹೆಸರು ಅಂಟಿಕೊಂಡಿತು. ಗೇರಿನ ಗಾಡಿ ನಮ್ಮದಲ್ಲ ಎಂಬ ಹಳೆಯ ಮಾತು ಹೊಸ ವೇಷದಲ್ಲಿ ಬಂದಿತ್ತು. ನಾನು ಹಟ ಹಿಡಿದು 1995ರಲ್ಲಿ ಡ್ರೈವಿಂಗ್ ಶಾಲೆಗೆ ಸೇರಿದೆ. ಬ್ಯೂಗಲ್ ರಾಕ್ ಹತ್ತಿರದ ಏರಿನಲ್ಲಿ, ಹಾಫ್ ಕ್ಲಚ್ಚಿನಲ್ಲಿ ಕಾರು ಹಿಂದೆ ಜಾರದಂತೆ ನಿಲ್ಲಿಸಿದ ದಿನ ಕಣ್ಣಲ್ಲಿ ನೀರು ಬಂತು.

ಈಗ ಕಾಲ ಬೇರೆಯಾಗಿದೆ. 2001ರಲ್ಲಿ ನಮ್ಮ ಬೆಂಗಳೂರಿನಲ್ಲೇ ತಯಾರಾದ ವಿದ್ಯುತ್ ಕಾರು 'ರೇವಾ'ಕ್ಕೆ ಕ್ಲಚ್ಚೂ ಇರಲಿಲ್ಲ, ಬದಲಿಸಬೇಕಾದ ಗೇರೂ ಇರಲಿಲ್ಲ. ಪೆಟ್ರೋಲ್ ಎಂಜಿನ್ ತೀರ ನಿಧಾನವಾದರೆ ನಿಂತುಹೋಗುತ್ತದೆ. ವಿದ್ಯುತ್ ಮೋಟರು ನಿಂತ ಜಾಗದಿಂದಲೇ ಪೂರ್ತಿ ಬಲ ಕೊಡುತ್ತದೆ. 2014ರಲ್ಲಿ ಮಾರುತಿಯ ಸೆಲೆರಿಯೊ ಬಂದ ಮೇಲೆ ಕ್ಲಚ್ ತುಳಿಯದ ಕಾರು ಮಧ್ಯಮ ವರ್ಗದ ಕೈಗೂ ಎಟುಕಿತು. ಮೊಮ್ಮಗಳ ವಯಸ್ಸಿಗೆ ನಾನು ಬರುವ ಹೊತ್ತಿಗೆ ಒರಳುಕಲ್ಲು ಮೂಲೆ ಸೇರಿತ್ತು. ಅವಳು ನನ್ನ ವಯಸ್ಸಿಗೆ ಬರುವ ಹೊತ್ತಿಗೆ ಗೇರಿನ ಗತಿಯೂ ಅದೇ ಇರಬಹುದು.

ಆದರೂ ನನ್ನ ತೀರ್ಪು ಹೀಗಿದೆ: ಕೊಳ್ಳುವ ಕಾರು ಗೇರಿಲ್ಲದ್ದಿರಲಿ, ಕಲಿಯುವ ಕಾರು ಗೇರಿನದೇ ಇರಲಿ. ಹೊಸದಾಗಿ ಓಡಿಸುವವಳ ಕಣ್ಣು ಪೂರ್ತಿ ರಸ್ತೆಯ ಮೇಲಿರುವುದು ಒಳ್ಳೆಯದು. ಮಲ್ಲೇಶ್ವರದ ದಟ್ಟಣೆಯಲ್ಲಿ ಎಡಗಾಲು ಸವೆಸುವುದರಲ್ಲಿ ಯಾವ ಹಿರಿಮೆಯೂ ಇಲ್ಲ. ಆದರೆ ಅವಳ ಅಪ್ಪನ ಕಾರಿಗೆ ಇವತ್ತಿಗೂ ಗೇರಿದೆ. ಅಪರಾತ್ರಿಯ ಆಪತ್ತು ಬಂದಾಗ ಬಾಗಿಲಲ್ಲಿ ಯಾವ ಕಾರು ನಿಂತಿರುತ್ತದೋ ಯಾರು ಬಲ್ಲರು?

ಅಳಿಯಂದಿರು ಒಪ್ಪಿದ್ದಾರೆ. ಭಾನುವಾರದಿಂದ ಪಾಠ. ಸ್ಕೂಟರು ಬಿಟ್ಟು ಬೇರೇನನ್ನೂ ಓಡಿಸದ ನನ್ನ ಮಗಳು, "ನಾನು ಸುಮ್ನೆ ಹಿಂದೆ ಕೂತು ಬರ್ತೀನಮ್ಮ" ಎಂದಳು. "ಹಿಂದೆ ಕೂತದ್ದು ಸಾಕು ಕಣೇ, ನೀನೂ ಕಲಿ" ಎಂದೆ.