ಪೂರ್ಣ ಸಮರ್ಪಣೆ (ಕ್ರೈಸ್ತ ಜೀವನ)

ಬದುಕನ್ನು ಏನೂ ಉಳಿಸಿಕೊಳ್ಳದೆ ದೇವರಿಗೆ ಒಪ್ಪಿಸುವ ಕ್ರೈಸ್ತ ನಿಲುವು. ದೇವರನ್ನು ಹೃದಯ, ಪ್ರಾಣಗಳಿಂದಷ್ಟೇ ಅಲ್ಲ, ಬುದ್ಧಿ ಮತ್ತು ಶಕ್ತಿಯಿಂದಲೂ ಪ್ರೀತಿಸಬೇಕೆಂಬ ಯೇಸುವಿನ ಬೋಧನೆ ಮಾರ್ಕನ ಸುವಾರ್ತೆಯ 12ನೇ ಅಧ್ಯಾಯದಲ್ಲಿದೆ. ಬುದ್ಧಿಗೂ ಇಲ್ಲಿ ಪಾಲಿರುವುದರಿಂದ, ಸಮರ್ಪಣೆಯೆಂದರೆ ಲೋಕದ ಕೆಲಸಗಳಿಂದ ಹಿಂದೆ ಸರಿಯುವುದು ಎಂಬ ತಿಳಿವಳಿಕೆ ಅರೆಬರೆಯದು. ಕರ್ನಾಟಕದಲ್ಲಿ ಇದಕ್ಕೆ ಗಟ್ಟಿ ಸಾಕ್ಷ್ಯ ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟೆಲ್ (1832–1903). ಧರ್ಮಪ್ರಚಾರಕ್ಕೆಂದು 1853ರಲ್ಲಿ ಬಂದ ಅವರು ಕ್ರಿಸ್ತಚರಿತೆಯನ್ನು ಕನ್ನಡ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ರಚಿಸಿದರು, ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿದರು. ನಡುವೆ ಜರ್ಮನಿಗೆ ಮರಳಿದ್ದ ಅವರು, ಕೈಗೊಂಡಿದ್ದ ನಿಘಂಟಿನ ಕೆಲಸ ಮುಗಿಸಲೆಂದೇ 1883ರಲ್ಲಿ ಮತ್ತೆ ಬಂದರು. ಸುಮಾರು 70,000 ಪದಗಳ ಆ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು.

ಇದು ವಿದ್ವತ್ತಿನ ಹಂಬಲವೇ ಹೊರತು ಭಕ್ತಿಯಲ್ಲ ಎನ್ನಬಹುದು. ಅವರ ಸಾಹಿತ್ಯಾಸಕ್ತಿಗೆ ಮಿಷನ್ನಿನೊಳಗೇ ಅಸಮಾಧಾನವಿತ್ತು. ಆದರೆ ಕೇಳುವವರ ನುಡಿಯನ್ನು ಆಳವಾಗಿ ಅರಿಯದೆ ಸಾರುವ ಸುವಾರ್ತೆ ಅವರ ಮನಸ್ಸನ್ನು ಮುಟ್ಟದು. ಆ ಅರಿವಿಗಾಗಿ ದಶಕಗಳನ್ನು ತೆರುವುದು ಸಮರ್ಪಣೆಯ ಒಳಗಿನದೇ ಕೆಲಸ. ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರ: ಇದೆಲ್ಲ ಮತಾಂತರದ ಸಾಧನವಲ್ಲವೇ? ಪ್ರಚಾರದ ಉದ್ದೇಶವಿದ್ದುದು ನಿಜ, ಅದನ್ನು ಮರೆಮಾಚಬೇಕಿಲ್ಲ. ಆದರೂ ಕ್ರೈಸ್ತೇತರ ಕವಿಗಳ ವ್ಯಾಕರಣ, ಛಂದೋಗ್ರಂಥಗಳನ್ನು ಅಷ್ಟು ಶ್ರದ್ಧೆಯಿಂದ ಶೋಧಿಸುವುದು ಬರೀ ಪ್ರಚಾರಕ್ಕೆ ಬೇಕಿರಲಿಲ್ಲ. ಕಿಟೆಲರಿಗಿಂತ ಮೊದಲು ‘ಮಂಗಳೂರ ಸಮಾಚಾರ’ವನ್ನು (1843) ಆರಂಭಿಸಿದ ಹರ್ಮನ್ ಮೋಗ್ಲಿಂಗ್ ಅವರೂ ಕನ್ನಡ ಕಾವ್ಯಗಳನ್ನು ಇದೇ ನಿಷ್ಠೆಯಿಂದ ಅಚ್ಚಿಗೆ ತಂದಿದ್ದರು.